1-0-1 ಅಂದ್ರೆ ಎಷ್ಟು ಗಂಟೆಗೆ? ರಾತ್ರಿ ಪಾಳಿಯ ಕ್ಯಾಬ್ ಚಾಲಕರೊಬ್ಬರ ಪ್ರಕರಣ

ಬೆಂಗಳೂರಿನ ಪೀಣ್ಯ ಕಡೆಯ ಸಣ್ಣ ಕ್ಲಿನಿಕ್ಕಿಗೆ ಬಂದ ಕ್ಯಾಬ್ ಚಾಲಕರೊಬ್ಬರ ಪ್ರಕರಣ ಇದು. ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗಬಾರದೆಂದು ಊರು, ಮನೆ, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಸಕ್ಕರೆ, ಬಿಪಿ, ಮನಸ್ಸು ಮೂರೂ ಒಟ್ಟಿಗೆ ಕೆಟ್ಟಿದ್ದವು. ಮೂರಕ್ಕೂ ಬೇರೆ ಬೇರೆ ಚೀಟಿ ಬರೆಯಬಹುದಿತ್ತು. ಆದರೆ ಮೂರರ ಬುಡವೂ ಒಂದೇ ಕಡೆ ಇತ್ತು: ಇವರ ದಿನ ಶುರುವಾಗುತ್ತಿದ್ದುದು ಸಂಜೆ ನಾಲ್ಕಕ್ಕೆ.

ಹಿನ್ನೆಲೆ

ಹಾಸನ ಜಿಲ್ಲೆಯ ಹಳ್ಳಿಯವರು. ಹೆಂಡತಿ, ಇಬ್ಬರು ಶಾಲೆಗೆ ಹೋಗುವ ಮಕ್ಕಳು, ಶೀಟಿನ ಮನೆ, ಸ್ವಂತ ಗಾಡಿ, ಅದರ ಮೇಲೆ ಇಎಂಐ. ಟ್ರಾವೆಲ್ಸ್ ಏಜೆನ್ಸಿಯೊಂದರ ಮೂಲಕ ಹೊರವರ್ತುಲ ರಸ್ತೆಯ ಐಟಿ ಕಂಪನಿಗೆ ಗಾಡಿ ಅಟ್ಯಾಚ್ ಮಾಡಿದ್ದರು. ಆ ಕಂಪನಿ ನಡೆಯುವುದು ಅಮೆರಿಕದ ಪೂರ್ವ ತೀರದ ಗಡಿಯಾರಕ್ಕೆ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 9 ಅಂದ್ರೆ ನಮಗೆ ಸಂಜೆ 6:30. ಹಾಗಾಗಿ ಪಿಕಪ್ ನಾಲ್ಕೂವರೆಗೆ ಶುರು. ಡ್ರಾಪ್ ಬೆಳಗಿನ ಜಾವ ಮೂರೂವರೆಗೆ ಶುರುವಾಗಿ ಆರರ ತನಕ. ನಡುವೆ ಎಂಟು ಗಂಟೆ ಖಾಲಿ. ಸುಮ್ನೆ ಕೂತರೆ ಕಂತು ಕಟ್ಟುವವರು ಯಾರು? ಆ ಹೊತ್ತಲ್ಲಿ ಆ್ಯಪ್ ಆನ್ ಮಾಡಿ ದೇವನಹಳ್ಳಿ ಏರ್‌ಪೋರ್ಟ್ ಟ್ರಿಪ್ ಹೊಡೆಯುತ್ತಿದ್ದರು. ನಾಲ್ಕು ವರ್ಷದಿಂದ ಇದೇ ಬದುಕು.

2025ರ ನವೆಂಬರ್ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅನ್ನುತ್ತಿತ್ತು. ಆದರೆ ಸ್ವಂತ ಗಾಡಿ ಅಟ್ಯಾಚ್ ಮಾಡಿದವರನ್ನು ಯಾರೂ ಕಾರ್ಮಿಕ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇವರಿಗೆ ಇವರೇ ಮಾಲೀಕರು. ಕಾಗದದ ಮೇಲೆ.

2025ರ ಜುಲೈನಲ್ಲಿ ಹಾಸನದಿಂದ ದಿನಾ ಹೃದಯಾಘಾತದ ಸುದ್ದಿ ಬರುತ್ತಿತ್ತಲ್ವಾ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತಿದ್ದರಲ್ವಾ, ಆಗಲೇ ಇವರ ಮನೆಯವರಿಗೂ ದಿಗಿಲು ಹತ್ತಿತು. ಗಂಡನಿಗೆ ರಾತ್ರಿ ಹೊತ್ತು ಎದೆ ಡವಡವ ಅನ್ನುತ್ತದೆ, ಬೆವರು ಕಿತ್ತು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಎಳೆದುಕೊಂಡು ಬಂದರು.

ಬಂದಾಗ ಕಂಡದ್ದು

ಇಸಿಜಿ ಸರಿಯಿತ್ತು. ಉಳಿದದ್ದು ಸರಿಯಿರಲಿಲ್ಲ. ತೂಕ 81 ಕೆಜಿ, ಸೊಂಟದ ಸುತ್ತಳತೆ 98 ಸೆಂ.ಮೀ. ನಮ್ಮ ಗಂಡಸರಿಗೆ 90 ದಾಟಿದರೇ ಜಾಸ್ತಿ. ಬಿಪಿ 152/98. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 7.2. ರಕ್ತದಲ್ಲಿನ ಕೊಬ್ಬಿನ ಒಂದು ಬಗೆಯಾದ ಟ್ರೈಗ್ಲಿಸರೈಡ್ 290, ಅದು 150ರ ಒಳಗಿರಬೇಕು.

ಸಕ್ಕರೆ ಕಾಯಿಲೆ ಗೊತ್ತಾಗಿ ಒಂದು ವರ್ಷವಾಗಿತ್ತು. ಬೇರೆ ಕಡೆ ತೋರಿಸುತ್ತಿದ್ದರು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, 1-0-1, ಅಂದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು, ಊಟಕ್ಕೆ ಮುಂಚೆ. ಬಿಪಿಗೆ ಟೆಲ್ಮಿಸಾರ್ಟನ್, ಬೆಳಿಗ್ಗೆ ಒಂದು. ಚೀಟಿಯ ಕೆಳಗೆ ಎಲ್ಲರಿಗೂ ಬರೆಯುವ ಮಾತು: ಬೆಳಿಗ್ಗೆ ವಾಕಿಂಗ್ ಮಾಡಿ, ರಾತ್ರಿ ಬೇಗ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಔಷಧಿಯಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಹಗಲು ದುಡಿದು ರಾತ್ರಿ ಮಲಗುವವರಿಗೆ ಅದು ಸರಿಯಾದ ಚೀಟಿಯೇ.

'ಮಾತ್ರೆ ಸರಿಯಾಗಿ ತಗೊಳ್ತೀರಾ?' ಎಂದು ಕೇಳಿದ್ದಕ್ಕೆ ಅವರು ತಿರುಗಿ ಕೇಳಿದರು: 'ಸಾರ್, 1-0-1 ಅಂತ ಬರ್ದಿದ್ದಾರೆ. ನನಗೆ ಬೆಳಿಗ್ಗೆ ಅಂದ್ರೆ ಎಷ್ಟು ಗಂಟೆ?'

ಈ ಪ್ರಕರಣ ತಿರುಗಿದ್ದು ಇಲ್ಲಿಂದಲೇ. ಒಂದು ಹಾಳೆ ತೆಗೆದು ಅವರ 24 ಗಂಟೆ ಬರೆಸಿದೆವು. ಅವರು ಹೇಳಿದರು, ಪಕ್ಕದಲ್ಲಿದ್ದ ಹೆಂಡತಿ ತಿದ್ದಿದರು. 'ಬೆಳಿಗ್ಗೆ ಏಳಕ್ಕೆ ಮಲಗ್ತೀನಿ' ಅಂದರೆ, 'ಎಲ್ಲಿ ಮಲಗ್ತೀರ, ಒಂಬತ್ತರ ತನಕ ಮೊಬೈಲ್ ನೋಡ್ತೀರ' ಅನ್ನುತ್ತಿದ್ದರು ಆಕೆ. ಕೊನೆಗೆ ಹಾಳೆಯ ಮೇಲೆ ಉಳಿದದ್ದು ಇಷ್ಟು.

ಸಂಜೆ ನಾಲ್ಕಕ್ಕೆ ಮನೆ ಬಿಡುವಾಗ ಅನ್ನ ಸಾರು. ರಾತ್ರಿ ಒಂಬತ್ತಕ್ಕೆ ನೆನಪಾದರೆ ಮಾತ್ರೆ; ಊಟ ಮಾತ್ರ ಏರ್‌ಪೋರ್ಟ್ ಟ್ರಿಪ್ ಮುಗಿದ ಮೇಲೆ, ಹನ್ನೊಂದೋ ಹನ್ನೆರಡೋ. ಒಂದೂವರೆಗೆ ಎಗ್ ರೈಸ್. ನಡುನಡುವೆ ಸಕ್ಕರೆ ಹಾಕಿದ ಟೀ, ಜೊತೆಗೊಂದು ಸಿಗರೇಟು. ಹೊಸಕೋಟೆ ಕಡೆ ಡ್ರಾಪ್ ಇದ್ದ ದಿನ ಬೆಳಗಿನ ಜಾವದ ದಮ್ ಬಿರಿಯಾನಿ. ಆರೂವರೆಗೆ ಮನೆ ಹತ್ತಿರದ ಪಾರ್ಕಿನಲ್ಲಿ ವಾಕಿಂಗ್, ಏಕೆಂದರೆ ಚೀಟಿಯಲ್ಲಿ ಬರೆದಿದೆ. ಆಮೇಲೆ ಇನ್ನೊಂದು ಮಾತ್ರೆ. ನಿದ್ದೆ ಬರದೆ ಒಂದು ನೈಂಟಿ. ಒಂಬತ್ತಕ್ಕೆ ಕಣ್ಣು ಮುಚ್ಚಿದರೆ ಕಸದ ಗಾಡಿಯ ಹಾಡು, ಸೊಪ್ಪಿನವನ ಮೈಕು, ನೀರು ಬಂದಾಗ ಬೀದಿಯ ಕೂಗಾಟ. ಏಪ್ರಿಲ್ ಮೇ ತಿಂಗಳಲ್ಲಿ ಶೀಟು ಕಾದು ಹನ್ನೊಂದಕ್ಕೇ ಎಚ್ಚರ. ಒಟ್ಟು ನಿದ್ದೆ ನಾಲ್ಕು ಗಂಟೆ ದಾಟುತ್ತಿರಲಿಲ್ಲ.

ಇನ್ನೊಂದು ಸಂಗತಿ ಅದೇ ಹಾಳೆಯಿಂದ ಹೊರಬಿತ್ತು. ಹಿಂದಿನ ವರದಿಗಳಲ್ಲಿ 'ಫಾಸ್ಟಿಂಗ್ ಶುಗರ್' ಅಂತ ಇದ್ದ ಅಂಕಿಗಳೆಲ್ಲ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟು ಬಂದವು. ನಾಲ್ಕೂವರೆಗೆ ಬಿರಿಯಾನಿ ತಿಂದವರ ರಕ್ತ! ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕಾದ ಪರೀಕ್ಷೆಗೆ ಮೂರೂವರೆ ಗಂಟೆಯ ಬಿಡುವು. ಆ ಅಂಕಿ ನೋಡಿಯೇ ಮಾತ್ರೆಯ ಡೋಸ್ ಏರಿಸಲಾಗಿತ್ತು. ಲ್ಯಾಬಿನವರು ಕೇಳಿದ್ದು ಒಂದೇ ಪ್ರಶ್ನೆ, 'ಬೆಳಿಗ್ಗೆ ತಿಂಡಿ ತಿಂದಿದ್ದೀರಾ?' ಇವರ ಉತ್ತರ, 'ಇಲ್ಲ.' ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಎದೆ ಡವಡವದ ಕಾರಣ

ಬೆವರು, ಕೈ ನಡುಕ, ಎದೆಬಡಿತ, ಇವು ಯಾವಾಗ ಬರುತ್ತವೆ ಎಂದು ಹಾಳೆಯಲ್ಲಿ ಗುರುತು ಹಾಕಿಸಿದೆವು. ಹೆಚ್ಚಿನವು ರಾತ್ರಿ ಹತ್ತೂವರೆಯಿಂದ ಹನ್ನೆರಡರ ನಡುವೆ ಬಿದ್ದವು. ಒಂಬತ್ತಕ್ಕೆ ಗ್ಲಿಮೆಪಿರೈಡ್ ಒಳಗೆ ಹೋಗಿದೆ, ಊಟ ಹೋಗಿಲ್ಲ. ಈ ಮಾತ್ರೆ ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿಸುತ್ತದೆ. ಗ್ಲುಕೋಮೀಟರ್ ಕೊಟ್ಟು, ಹಾಗಾದಾಗ ಗಾಡಿ ಪಕ್ಕಕ್ಕೆ ಹಾಕಿ ಬೆರಳು ಚುಚ್ಚಿ ನೋಡಿ ಎಂದೆವು. ಒಂದು ರಾತ್ರಿ 11:40ಕ್ಕೆ 58 ಬಂತು. 70ರ ಕೆಳಗಿದ್ದರೇ ಲೋ ಶುಗರ್. ಹಿಂದಿನ ಸೀಟಿನಲ್ಲಿ ಪ್ಯಾಸೆಂಜರ್ ಇದ್ದರು.

ಅವರು ಅದನ್ನು ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದರು. ಸಿಹಿ ಟೀ, ಬಿಸ್ಕತ್ತು ಒಳಗೆ ಹೋದರೆ ಸರಿಹೋಗುತ್ತದೆ ಅನ್ನುವುದು ಮಾತ್ರ ಅನುಭವದಿಂದ ಗೊತ್ತಾಗಿತ್ತು. ಅದಕ್ಕೇ ರಾತ್ರಿಯೆಲ್ಲ ಏನಾದರೊಂದು ಬಾಯಿಗೆ ಹಾಕುತ್ತಲೇ ಇದ್ದರು. ಒಂದೂವರೆಯ ಎಗ್ ರೈಸ್, ನಾಲ್ಕೂವರೆಯ ಬಿರಿಯಾನಿ ನಾಲಿಗೆಯ ಚಪಲ ಅಂತ ನಾವು ಅಂದುಕೊಳ್ಳುವುದು ಸುಲಭವಿತ್ತು. ಅದರಲ್ಲಿ ಅರ್ಧ ಹೆದರಿಕೆ.

ಮೊದಲ ತೀರ್ಮಾನ ಇಲ್ಲೇ ಆಯಿತು. ಗ್ಲಿಮೆಪಿರೈಡ್ ನಿಲ್ಲಿಸಿ ಮೆಟ್‌ಫಾರ್ಮಿನ್ ಮಾತ್ರ ಉಳಿಸಿದೆವು. 7.2 ಇರುವವರಿಗೆ ಔಷಧಿ ಕಡಿಮೆ ಮಾಡುವುದು ವಿಚಿತ್ರವಾಗಿ ಕಾಣಬಹುದು. ಆದರೆ ಸ್ಟೀರಿಂಗ್ ಹಿಡಿದವರ ಸಕ್ಕರೆ ಸ್ವಲ್ಪ ಜಾಸ್ತಿ ಇರುವುದಕ್ಕಿಂತ ದಿಢೀರ್ ಕೆಳಗಿಳಿಯುವುದು ಅಪಾಯ. ಊಟದ ಹೊತ್ತು ಬದಲಿಸಬೇಕೆಂದರೂ ಮೊದಲು ಈ ಮಾತ್ರೆ ಹೋಗಲೇಬೇಕಿತ್ತು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಆ 58 ಸಾಕು.

ಒಳಗಿನ ಗಡಿಯಾರಗಳು

ಇವರಿಗೆ ಚಿತ್ರ ಬರೆದು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಮಿದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಗಂಟು ಇದೆ. ಅದು ದೇಹದ ಮುಖ್ಯ ಗಡಿಯಾರ. ಅದನ್ನು ತಿದ್ದುವುದು ಬೆಳಕು, ಅದರಲ್ಲೂ ಬೆಳಗಿನ ಬೆಳಕು. ಆದರೆ ಗಡಿಯಾರ ಅದೊಂದೇ ಅಲ್ಲ. ಯಕೃತ್ತು, ಮೇದೋಜೀರಕ, ಸ್ನಾಯು, ಕೊಬ್ಬು, ಹೃದಯ, ಎಲ್ಲದರ ಕೋಶಗಳಲ್ಲೂ ಗಡಿಯಾರದ ಜೀನ್‌ಗಳಿವೆ. ಇವು ಕೆಲಸ ಮಾಡುವ ಬಗೆಯನ್ನು ಹಣ್ಣುನೊಣದಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕಲ್ ರೋಸ್‌ಬಾಷ್, ಮೈಕಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಯಕೃತ್ತಿನ ಗಡಿಯಾರವನ್ನು ಮುಖ್ಯವಾಗಿ ತಿದ್ದುವುದು ಊಟದ ಹೊತ್ತು. ಈ ಚಾಲಕರಲ್ಲಿ ಬೆಳಗಿನ ಬಿಸಿಲು 'ಈಗ ಬೆಳಿಗ್ಗೆ' ಅಂತ ಮಿದುಳಿಗೆ ಹೇಳುತ್ತಿತ್ತು. ರಾತ್ರಿ ಒಂದೂವರೆಯ ಎಗ್ ರೈಸ್ 'ಈಗ ಮಧ್ಯಾಹ್ನ' ಅಂತ ಯಕೃತ್ತಿಗೆ ಹೇಳುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆ.

ರಾತ್ರಿ ಹೊತ್ತು ಏರುವ ಮೆಲಟೋನಿನ್ ಎಂಬ ಹಾರ್ಮೋನು ಇನ್ಸುಲಿನ್ ಬಿಡುಗಡೆಯನ್ನು ತಗ್ಗಿಸುತ್ತದೆ. ಹಾಗಾಗಿ ಅದೇ ಅನ್ನ ಮಧ್ಯಾಹ್ನ ತಿಂದರೆ ಏರುವುದಕ್ಕಿಂತ ಮಧ್ಯರಾತ್ರಿ ತಿಂದರೆ ಸಕ್ಕರೆ ಜಾಸ್ತಿ ಏರುತ್ತದೆ. ಬಾಸ್ಟನ್ನಿನ ಸಂಶೋಧಕರು 2009ರಲ್ಲಿ ಹತ್ತು ಜನರನ್ನು ಲ್ಯಾಬಿನಲ್ಲಿಟ್ಟು, 28 ಗಂಟೆಯ 'ದಿನ' ಬದುಕಿಸಿ, ಅವರ ನಿದ್ದೆ ಊಟವನ್ನು ಒಳಗಿನ ಗಡಿಯಾರಕ್ಕೆ ಪೂರ್ತಿ ತಲೆಕೆಳಗು ಮಾಡಿ ನೋಡಿದರು. ರಕ್ತದ ಸಕ್ಕರೆ 6%, ಇನ್ಸುಲಿನ್ 22%, ರಕ್ತದೊತ್ತಡ 3% ಏರಿತು. ಹೊಟ್ಟೆ ತುಂಬಿತು ಅನ್ನುವ ಸೂಚನೆ ಕೊಡುವ ಲೆಪ್ಟಿನ್ 17% ಇಳಿಯಿತು. ಅಳತೆಯಾದ ಎಂಟು ಜನರಲ್ಲಿ ಮೂವರ ಊಟದ ನಂತರದ ಸಕ್ಕರೆ ಮಧುಮೇಹದ ಅಂಚಿನವರ ಮಟ್ಟಕ್ಕೆ ಹೋಯಿತು. ಹತ್ತೇ ಹತ್ತು ದಿನದ ಪ್ರಯೋಗ ಅದು. ಇವರದು ನಾಲ್ಕು ವರ್ಷ.

ಹೃದಯದ ಲೆಕ್ಕವೂ ಹೀಗೇ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ 34 ಅಧ್ಯಯನಗಳ ಸುಮಾರು 20 ಲಕ್ಷ ಜನರ ಮಾಹಿತಿ ಸೇರಿಸಿ ನೋಡಿತು. ಪಾಳಿ ಕೆಲಸದವರಲ್ಲಿ ಹೃದಯಾಘಾತ 23% ಜಾಸ್ತಿ ಕಂಡಿತು. ಸಿಗರೇಟು, ಊಟ, ಬಡತನ ಇವೆಲ್ಲವೂ ಇಂಥ ಅಂಕಿಯೊಳಗೆ ಸೇರಿಕೊಂಡಿರುತ್ತವೆ. ಆದರೂ ಅಲ್ಲಗಳೆಯುವಂಥದ್ದಲ್ಲ.

ಮೊದಲ ಯೋಜನೆ, ಮತ್ತು ಅದು ಕುಸಿದದ್ದು

ಪಾಳಿ ಬಿಡಿ ಎಂದು ಹೇಳುವುದು ಸುಲಭ. ಕಂತು ಇನ್ನೂ ಬಾಕಿ ಇತ್ತು. ಹಾಗಾಗಿ ರಾತ್ರಿಯನ್ನೇ ಅವರ ಹಗಲು ಮಾಡೋಣ ಅಂದುಕೊಂಡೆವು. ಬೆಳಗಿನ ವಾಕಿಂಗ್ ನಿಲ್ಲಿಸಿ, ಸಂಜೆ ಮೂರಕ್ಕೆ ಎದ್ದಮೇಲೆ ನಡೆಯಿರಿ ಎಂದೆವು. ರಾತ್ರಿಯೆಲ್ಲ ಎಚ್ಚರವಿದ್ದವರು ಬೆಳಿಗ್ಗೆ ಆರೂವರೆಯ ಬಿಸಿಲಲ್ಲಿ ಅರ್ಧ ಗಂಟೆ ನಡೆದರೆ ಮಿದುಳು 'ಏಳು' ಅನ್ನುತ್ತದೆ, 'ಮಲಗು' ಅನ್ನುವುದಿಲ್ಲ. ಡಾಕ್ಟರು ಹೇಳಿದರೆಂದು ಶ್ರದ್ಧೆಯಿಂದ ನಡೆದು ಅವರು ತಮ್ಮ ನಿದ್ದೆ ಹಾಳುಮಾಡಿಕೊಂಡಿದ್ದರು. ಕಿಟಕಿಗೆ ಕಪ್ಪು ಬಟ್ಟೆ, ಕಿವಿಗೆ ಹತ್ತಿ, ಮೊಬೈಲ್ ಹೆಂಡತಿಯ ಕೈಗೆ.

ವಾರದ ದಿನಗಳಲ್ಲಿ ಸ್ವಲ್ಪ ನಡೆಯಿತು. ರಜೆಯ ದಿನ ಎಲ್ಲವೂ ಮಗುಚಿಬಿತ್ತು. ಶನಿವಾರ ಬೆಳಿಗ್ಗೆ ಡ್ರಾಪ್ ಮುಗಿಸಿ ನೇರ ಊರಿಗೆ. ಅಲ್ಲಿ ಹಗಲೆಲ್ಲ ತೋಟ, ನೆಂಟರು, ರಾತ್ರಿ ಹತ್ತಕ್ಕೆ ಎಲ್ಲರ ಜೊತೆ ನಿದ್ದೆ. ಸೋಮವಾರ ಸಂಜೆ ಮತ್ತೆ ರಾತ್ರಿಯ ಬದುಕು. ವಿಮಾನ ಹತ್ತದೇ ವಾರಕ್ಕೊಮ್ಮೆ ದೂರದೇಶಕ್ಕೆ ಹೋಗಿ ಬಂದ ಹಾಗಾಗುತ್ತಿತ್ತು ದೇಹಕ್ಕೆ. 'ಊರಲ್ಲಾದ್ರೂ ಮಲಗಿ' ಎಂದರೆ, 'ಹಗಲು ಹೊತ್ತು ಮಲಗಿದ್ರೆ ನಮ್ಮವ್ವ ಏನಾಯ್ತೋ ಅಂತ ಅಳೋಕೇ ಶುರು ಮಾಡ್ತಾಳೆ' ಅಂದರು.

ಅವರು ನಮ್ಮ ಮಾತು ಗಂಭೀರವಾಗಿ ತೆಗೆದುಕೊಂಡದ್ದು ಒಂದು ಸೋಮವಾರ. ಊರಿಂದ ಕುಣಿಗಲ್ ಮೇಲೆ ಬರುವಾಗ ನೆಲಮಂಗಲ ದಾಟಿದ ಮೇಲೆ ಕಣ್ಣು ಒಂದು ಕ್ಷಣ ಮುಚ್ಚಿತು. ಡಿವೈಡರಿಗೆ ಬಲಗಡೆಯ ಕನ್ನಡಿ ತಾಗಿ ಕಿತ್ತುಹೋಯಿತು. ಮಕ್ಕಳು ಹಿಂದೆ ಮಲಗಿದ್ದರು. ಕನ್ನಡಿಯ ರಿಪೇರಿ ಬಿಲ್ಲನ್ನು ಅವರು ಕ್ಲಿನಿಕ್ಕಿಗೂ ತಂದಿದ್ದರು, ಜೇಬಿನಲ್ಲಿ ಮಡಚಿಟ್ಟುಕೊಂಡು.

ಎರಡನೇ ಯೋಜನೆ

ಪೂರ್ತಿ ರಾತ್ರಿಯವರೂ ಅಲ್ಲ, ಪೂರ್ತಿ ಹಗಲಿನವರೂ ಅಲ್ಲ, ನಡುವೆ ಒಂದು ಕಡೆ ಗೂಟ ಹೊಡೆಯೋಣ ಎಂದೆವು. ಇದಕ್ಕೆ ನಿದ್ರಾ ವಿಜ್ಞಾನದಲ್ಲಿ ಆಂಕರ್ ಸ್ಲೀಪ್ ಎನ್ನುತ್ತಾರೆ. ದಿನಾ ಒಂದೇ ಹೊತ್ತಿಗೆ ಕನಿಷ್ಠ ನಾಲ್ಕು ಗಂಟೆ ನಿದ್ದೆ, ಉಳಿದದ್ದನ್ನು ಸಿಕ್ಕಾಗ ಸೇರಿಸುವುದು. ಇವರಿಗೆ ಏಳೂವರೆಯಿಂದ ಹನ್ನೊಂದೂವರೆ. ಬೆಂಗಳೂರಾಗಲಿ ಊರಾಗಲಿ, ರಜೆಯಾಗಲಿ ಹಬ್ಬವಾಗಲಿ, ಈ ನಾಲ್ಕು ಗಂಟೆ ಮುಟ್ಟಬಾರದು. ಮಧ್ಯಾಹ್ನ ಎರಡಕ್ಕೆ ಇನ್ನೊಂದು ಒಂದೂವರೆ ಗಂಟೆ. ಅವ್ವನಿಗೆ ಫೋನಿನಲ್ಲಿ ವಿವರಿಸುವ ಕೆಲಸ ಹೆಂಡತಿ ವಹಿಸಿಕೊಂಡರು. ನಾನು ಹೇಳಿದ್ದರೆ ನಡೆಯುತ್ತಿರಲಿಲ್ಲ.

ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿ ಬೆಳಕು ತಪ್ಪಿಸಿ ಅನ್ನುವ ಸಲಹೆ ಪಾಳಿಯವರಿಗೆ ಸಾಮಾನ್ಯ. ಇವರಿಗೆ ಕೊಡಲಿಲ್ಲ. ಬಸ್ಸಿನಲ್ಲಿ ಕೂತು ಹೋಗುವ ನರ್ಸಿಗೆ ಅದು ಸರಿ. ತೂಕಡಿಸುತ್ತಾ ತಾವೇ ಗಾಡಿ ಓಡಿಸುವವರಿಗೆ ಆ ಬೆಳಕು ಅಷ್ಟಾದರೂ ಎಚ್ಚರ ಕೊಡುತ್ತದೆ. ಬದಲಿಗೆ ಕೊನೆಯ ಡ್ರಾಪ್ ಆದಮೇಲೆ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ, ಆಮೇಲೆ ಮನೆ ದಾರಿ ಹಿಡಿಯಿರಿ ಎಂದೆವು. ಬಯಲಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಗ್ಲಾಸ್ ಇಳಿಸಿ. ಮುಚ್ಚಿದ ಪಾರ್ಕಿಂಗ್‌ನಲ್ಲಿ ಏಸಿ ಹಾಕಿ ಮಲಗಿದರೆ ಇಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಳ್ಳಬಹುದು. ಇದನ್ನು ಪ್ರತಿಯೊಬ್ಬ ಚಾಲಕರಿಗೂ ಹೇಳಬೇಕು.

ಹೆಚ್ಚು ಫಲ ಕೊಟ್ಟದ್ದು ಊಟದ ಬದಲಾವಣೆ ಎಂದು ನನ್ನ ಅಂದಾಜು. ಬಾಸ್ಟನ್ನಿನ ಅದೇ ಸಂಶೋಧಕರ ಬಳಗ 2021ರಲ್ಲಿ 19 ಜನರನ್ನು ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡಿಸಿತು. ಅರ್ಧ ಜನ ರಾತ್ರಿಯೂ ತಿಂದರು, ಉಳಿದವರು ಹಗಲಲ್ಲಿ ಮಾತ್ರ. ರಾತ್ರಿ ತಿಂದವರ ಸಕ್ಕರೆ 6.4% ಏರಿತು, ಹಗಲಲ್ಲಿ ಮಾತ್ರ ತಿಂದವರದು ಏರಲಿಲ್ಲ. ಅದೇ ಪ್ರಯೋಗದ ಮನಸ್ಸಿನ ಅಳತೆಗಳು ಮರುವರ್ಷ ಬಂದವು. ರಾತ್ರಿ ತಿಂದವರಲ್ಲಿ ಖಿನ್ನತೆಯಂಥ ಭಾವ 26%, ಆತಂಕದಂಥದ್ದು 16% ಜಾಸ್ತಿ. ಹಗಲಲ್ಲಿ ತಿಂದವರಲ್ಲಿ ಹಾಗಾಗಲಿಲ್ಲ. ನಿದ್ದೆ ಎರಡೂ ಗುಂಪಿಗೆ ಒಂದೇ ಹೊತ್ತಿಗೆ ಇತ್ತು, ಬೇರೆಯಾದದ್ದು ಊಟದ ಹೊತ್ತು.

ರಸ್ತೆಯಲ್ಲಿ ಅಷ್ಟು ಕಟ್ಟುನಿಟ್ಟು ಆಗದು. ಆದ್ದರಿಂದ ರಾತ್ರಿ ಹನ್ನೊಂದರಿಂದ ಆರರ ತನಕ ಅಡುಗೆಮನೆ ಬಂದ್ ಎಂದು ಒಪ್ಪಂದವಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಹೊಟ್ಟೆ ತುಂಬ ಊಟ. ರಾತ್ರಿ ಎಂಟೂವರೆಗೆ ಡಬ್ಬಿ: ಮುದ್ದೆ, ಸೊಪ್ಪಿನ ಸಾರು, ಇಲ್ಲವೇ ಚಪಾತಿ ಪಲ್ಯ. ಮೆಟ್‌ಫಾರ್ಮಿನ್ ಈ ಎರಡು ಊಟದ ಜೊತೆ. ಮುದ್ದೆ ಗಾಡಿಯಲ್ಲಿ ತಣ್ಣಗಾಗಿ ಕಲ್ಲಾಗುತ್ತದೆ ಎಂದು ಹೆಂಡತಿ ಹಾಟ್‌ಬಾಕ್ಸ್ ಕೊಡಿಸಿದರು, ಅದರಿಂದಲೇ ಅರ್ಧ ಗೆದ್ದೆವು. ಮಧ್ಯರಾತ್ರಿ ತೀರಾ ಹಸಿವಾದರೆ ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಕಡಲೆಕಾಯಿ. ಸಕ್ಕರೆಯಿಲ್ಲದ ಟೀ ಎರಡರ ತನಕ, ಆಮೇಲೆ ನೀರು. ಮನೆಗೆ ಬಂದು ಎರಡು ಇಡ್ಲಿ, ನಿದ್ದೆ. ಸಿಗರೇಟು ಬಿಡುವ ಮಾತು ಆಗಲೇ ಎತ್ತಿದೆವು. ಅವರು ನಕ್ಕರು. 'ಒಂದೊಂದಾಗಿ ಕಿತ್ಕೊಳ್ಳಿ ಸಾರ್.'

ಮಲಗಿದಾಗಲೂ ಇಳಿಯದ ಬಿಪಿ

ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಅಳೆದ ಬಿಪಿ ಅವರ ಮಧ್ಯರಾತ್ರಿಯ ಬಿಪಿ. ಅದರಿಂದ ಏನನ್ನೂ ಖಚಿತವಾಗಿ ಹೇಳಲಾಗುತ್ತಿರಲಿಲ್ಲ. 24 ಗಂಟೆ ಬಿಪಿ ಅಳೆಯುವ ಯಂತ್ರವನ್ನು ಒಂದು ದಿನಕ್ಕೆ ತರಿಸಿ ಕಟ್ಟಿದೆವು. ಆ ಯಂತ್ರದ ಸಾಫ್ಟ್‌ವೇರ್ ರಾತ್ರಿ ಹತ್ತರಿಂದ ಬೆಳಿಗ್ಗೆ ಆರನ್ನು 'ನಿದ್ದೆ' ಎಂದು ತಾನೇ ಲೆಕ್ಕ ಹಾಕುವಂತೆ ಹೊಂದಿಸಿತ್ತು. ಅದನ್ನು ಅವರ ನಿಜವಾದ ನಿದ್ದೆಯ ಹೊತ್ತಿಗೆ ಬದಲಿಸಬೇಕು. ಬದಲಿಸದೇ ನೋಡಿದ್ದರೆ ಏರ್‌ಪೋರ್ಟ್ ರಸ್ತೆಯಲ್ಲಿ ಲಾರಿಗಳ ನಡುವೆ ನುಗ್ಗುತ್ತಿದ್ದಾಗಿನ ಬಿಪಿಯನ್ನೇ ನಿದ್ದೆಯ ಬಿಪಿ ಅಂದುಕೊಳ್ಳುತ್ತಿದ್ದೆವು.

ನಿದ್ದೆಯಲ್ಲಿ ಬಿಪಿ 10ರಿಂದ 20% ಇಳಿಯಬೇಕು. ಆ ಇಳಿತವೇ ಹೃದಯ ಮತ್ತು ರಕ್ತನಾಳಗಳಿಗೆ ಬಿಡುವು. ಇವರಲ್ಲಿ ಇಳಿದದ್ದು 4%. ಹೀಗೆ ಇಳಿಯದವರಲ್ಲಿ ಹೃದಯ, ಕಿಡ್ನಿ ತೊಂದರೆ ಜಾಸ್ತಿ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದೂ ಇದಕ್ಕೆ ಕಾರಣವಾಗಬಹುದು ಎಂದು ಮನೆಯಲ್ಲೇ ಮಾಡುವ ನಿದ್ದೆಯ ಪರೀಕ್ಷೆ ಮಾಡಿಸಿದೆವು. ಅಲ್ಪ ಪ್ರಮಾಣದ್ದು ಸಿಕ್ಕಿತು, ತೂಕ ಇಳಿದ ಮೇಲೆ ಮತ್ತೆ ನೋಡೋಣ ಎಂದು ಬಿಟ್ಟೆವು. ಅದಕ್ಕಿಂತ ಬೆಳಗಿನ ನೈಂಟಿ ಮುಖ್ಯವಾಗಿತ್ತು. ಮದ್ಯ ಬೇಗ ನಿದ್ದೆ ತರುತ್ತದೆ, ಎರಡು ಮೂರು ಗಂಟೆ ಕಳೆದ ಮೇಲೆ ಅದೇ ನಿದ್ದೆಯನ್ನು ಚೂರು ಮಾಡುತ್ತದೆ.

ಬಿಪಿ ಮಾತ್ರೆಯ ಹೊತ್ತಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಪಿ ಮಾತ್ರೆಯನ್ನು ಬೆಳಿಗ್ಗೆ ನುಂಗಿದರೂ ಸಂಜೆ ನುಂಗಿದರೂ ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತೇ ಒಳ್ಳೆಯ ಹೊತ್ತು. ಇವರು ಮರೆಯದ ಹೊತ್ತು ಮಧ್ಯಾಹ್ನ ಹನ್ನೆರಡರ ಊಟ. ಹೊಸ ಚೀಟಿಯಲ್ಲಿ 1-0-1 ಬಿಟ್ಟು ಗಂಟೆಯನ್ನೇ ಬರೆದೆವು.

ಮನಸ್ಸು

ಇದನ್ನು ಅವರಾಗಿ ಹೇಳಲಿಲ್ಲ. ಎರಡನೇ ಭೇಟಿಯಲ್ಲಿ ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದಾಗ ಬಂತು. ಮಕ್ಕಳ ಮೇಲೆ ಸುಮ್‌ಸುಮ್ನೆ ರೇಗುವುದು, ಯಾವುದರಲ್ಲೂ ಮನಸ್ಸಿಲ್ಲ, ಹಳೆಯ ಸ್ನೇಹಿತರ ಫೋನ್ ಎತ್ತುವುದಿಲ್ಲ. ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ 14 ಬಂತು, 10 ದಾಟಿದರೆ ಗಮನ ಕೊಡಬೇಕು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆವು. 'ಸಾಯ್ಬೇಕು ಅಂತಿಲ್ಲ. ಮಲಗಿದವನು ಏಳದಿದ್ರೆ ಸಾಕು ಅನ್ಸುತ್ತೆ ಒಂದೊಂದು ಸಲ.'

ಈ ಮಾತು ಕೇಳಿದ ಮೇಲೆ ನಿದ್ದೆ ಊಟ ಸರಿಮಾಡಿ ಕಾಯುತ್ತಾ ಕೂರುವಂತಿರಲಿಲ್ಲ. ಮನೋವೈದ್ಯರ ಬಳಿ ಕಳಿಸಿದೆವು. ಅವರು ಮಾತಿನ ಚಿಕಿತ್ಸೆಯ ಜೊತೆ ಔಷಧಿಯನ್ನೂ ಶುರು ಮಾಡಿದರು, ಚಾಲಕರೆಂದು ತಿಳಿದು ಮಂಪರು ಬರಿಸದಂಥದ್ದನ್ನೇ ಆರಿಸಿದರು. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಸಿದೆವು. 2022ರಲ್ಲಿ ಶುರುವಾದ ಈ ಸೇವೆ ಕನ್ನಡದಲ್ಲೂ ಸಿಗುತ್ತದೆ, ದಿನದ 24 ಗಂಟೆಯೂ ಇರುತ್ತದೆ. ರಾತ್ರಿ ಎರಡು ಗಂಟೆಗೆ ಬೇಜಾರಾಗುವವರಿಗೆ ಬೆಳಿಗ್ಗೆ ಹತ್ತಕ್ಕೆ ತೆರೆಯುವ ಕೌನ್ಸೆಲಿಂಗ್ ಸೆಂಟರ್‌ನಿಂದ ಏನು ಉಪಯೋಗ? ಒಮ್ಮೆ ಅವರು ಕರೆ ಮಾಡಿದ್ದರಂತೆ, ಏರ್‌ಪೋರ್ಟಿನ ಪಾರ್ಕಿಂಗ್ ಲಾಟಿನಿಂದ.

ಏನಾಯಿತು

ಸೂಪರ್‌ವೈಸರ್ ಕೈಲಿ ಮಾತಾಡಿದ್ದು ದೊಡ್ಡ ತಿರುವು. 'ಈ ಚಾಲಕರಿಗೆ ವೈದ್ಯಕೀಯ ಕಾರಣಕ್ಕೆ ದಿನಾ ಬದಲಾಗದ ಡ್ರಾಪ್ ಮಾರ್ಗ ಬೇಕು' ಎಂದು ಎರಡು ಸಾಲಿನ ಪತ್ರ ಕೊಟ್ಟೆವು. ಕಾಯಿಲೆಯ ಹೆಸರು ಬರೆಯಲಿಲ್ಲ. ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಗಾಡಿಯನ್ನೇ ತೆಗೆದುಬಿಡುತ್ತಾರೆ ಎಂಬ ಭಯ ಅವರಿಗಿತ್ತು. ಪೂರ್ವದ ಹೊಸಕೋಟೆ ಮಾರ್ಗ ತಪ್ಪಿ, ಪಶ್ಚಿಮದ ಖಾಯಂ ಮಾರ್ಗ ಸಿಕ್ಕಿತು. ಬಿರಿಯಾನಿ ತಾನಾಗಿಯೇ ನಿಂತಿತು. ಮನೆ ತಲುಪುವ ಹೊತ್ತು ಒಂದು ಗಂಟೆ ಮುಂಚೆ ಬಂತು. ರಾತ್ರಿ ಒಂದರ ನಂತರದ ಏರ್‌ಪೋರ್ಟ್ ಟ್ರಿಪ್ ಬಿಟ್ಟು ಗಾಡಿಯಲ್ಲೇ ಒರಗಿದರು. ಆದಾಯ ಕಡಿಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹೊರಗಿನ ಊಟ, ಟೀ, ಸಿಗರೇಟಿನ ಖರ್ಚು ಇಳಿದದ್ದು ಅದರಲ್ಲಿ ಒಂದಿಷ್ಟನ್ನು ತುಂಬಿತು, ಪೂರ್ತಿಯಲ್ಲ.

ನವೆಂಬರಿನ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಇಲ್ಲಿ ಪಿಕಪ್, ಡ್ರಾಪ್ ಎಲ್ಲವೂ ಒಂದು ಗಂಟೆ ತಡವಾದವು. ನಾವು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅವರಿಗಾದರೆ ವರ್ಷಾ ವರ್ಷ ಗೊತ್ತಿತ್ತು. ಎಂಟೂವರೆಯ ಡಬ್ಬಿ ಹತ್ತಕ್ಕೆ ಜಾರಿತು, ನಿದ್ದೆ ಎಂಟೂವರೆಗೆ ಜಾರಿತು, ಕಸದ ಗಾಡಿ ಮಾತ್ರ ತನ್ನ ಹೊತ್ತಿಗೇ ಬಂತು. ಎರಡು ಮೂರು ವಾರ ನೈಂಟಿ ಮರಳಿತು. ಕೊನೆಗೆ ಊಟದ ಹೊತ್ತನ್ನು ಎಂಟೂವರೆಗೇ ಉಳಿಸಿ, ನಿದ್ದೆಯನ್ನು ಮಾತ್ರ ಅರ್ಧ ಗಂಟೆ ಸರಿಸಿದೆವು.

ಆರು ತಿಂಗಳ ಹೊತ್ತಿಗೆ ತೂಕ 77. ಎಚ್‌ಬಿಎ1ಸಿ 6.5, ಅದೂ ಒಂದು ಔಷಧಿ ಕಡಿಮೆ ಮಾಡಿದ ಮೇಲೆ. ಬಿಪಿ 130/84. ನಿದ್ದೆಯಲ್ಲಿ ಬಿಪಿ ಇಳಿತ 9%, ಇನ್ನೂ ಅಂಚಿನಲ್ಲಿದೆ. ಪಿಎಚ್‌ಕ್ಯೂ-9 ಅಂಕ 6. ಟ್ರೈಗ್ಲಿಸರೈಡ್ 190ರಲ್ಲೇ ನಿಂತಿದೆ. ಸಿಗರೇಟು ದಿನಕ್ಕೆ ಎರಡು ಮೂರಕ್ಕೆ ಇಳಿದಿದೆ. ಲೋ ಶುಗರ್ ಮತ್ತೆ ಆಗಿಲ್ಲ.

ಇದರಲ್ಲಿ ಯಾವುದು ಯಾವುದರಿಂದ ಆಯಿತು ಎಂದು ಬಿಡಿಸಿ ಹೇಳಲು ಆಗದು. ಮಾತ್ರೆ ಬದಲಾಯಿತು, ಮದ್ಯ ಕಡಿಮೆಯಾಯಿತು, ತೂಕ ಇಳಿಯಿತು, ಮನೋವೈದ್ಯರ ಔಷಧಿಯೂ ಇತ್ತು. ಒಬ್ಬರ ಕತೆಯಿಂದ ಊಟದ ಹೊತ್ತೇ ಮದ್ದು ಎಂದು ಸಾರಿದರೆ ಅದು ವಾಟ್ಸ್‌ಆ್ಯಪ್ ವೈದ್ಯವಾಗುತ್ತದೆ. ಆದರೆ ಗಂಟೆ ಕೇಳದೆ ಬರೆದ ಚೀಟಿ ಇವರಿಗೆ ಹಾನಿ ಮಾಡಿತ್ತು ಎನ್ನುವುದಕ್ಕೆ ಆ 58 ಇದೆ, ಆ ಬಿರಿಯಾನಿಯ 'ಫಾಸ್ಟಿಂಗ್' ಇದೆ.

ಈಗ ನಮ್ಮ ಕ್ಲಿನಿಕ್ಕಿನ ಕೇಸ್ ಶೀಟಿನಲ್ಲಿ ವಯಸ್ಸಿನ ಪಕ್ಕದಲ್ಲೇ 'ಕೆಲಸದ ಹೊತ್ತು' ಎಂಬ ಜಾಗ ಇದೆ. ಪೀಣ್ಯದ ಸುತ್ತ ಅದು ಖಾಲಿ ಉಳಿಯುವುದು ಅಪರೂಪ: ಗಾರ್ಮೆಂಟ್ಸ್, ಸೆಕ್ಯುರಿಟಿ, ಮೂರು ಪಾಳಿಯ ಕಾರ್ಖಾನೆ, ಆಸ್ಪತ್ರೆಯ ಆಯಾ. ರಕ್ತ ಪರೀಕ್ಷೆಗೆ ಕಳಿಸುವಾಗ 'ಖಾಲಿ ಹೊಟ್ಟೆಯಲ್ಲಿ' ಅನ್ನದೆ, ಕೊನೆಯ ಸಲ ತಿಂದದ್ದು ಎಷ್ಟು ಗಂಟೆಗೆ ಎಂದು ಬರೆಸುತ್ತೇವೆ.

ಮಾರ್ಚಿನ ಎರಡನೇ ಭಾನುವಾರ ಅಮೆರಿಕದ ಗಡಿಯಾರ ಮತ್ತೆ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಇವರ ಪಿಕಪ್ ನಾಲ್ಕೂವರೆಗೆ ವಾಪಸ್ಸಾಗುತ್ತದೆ. ಈ ಸಲ ಹಾಳೆಯನ್ನು ಒಂದು ವಾರ ಮುಂಚೆಯೇ ಬರೆಯಲು ಅವರೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾರೆ, ಮಧ್ಯಾಹ್ನ ಒಂದಕ್ಕೆ.